ಹೊಸ್ತಿಲು ದಾಟುತ್ತಾ ರೋಬೋ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಗೆ ಕಸ ಗುಡಿಸುವ, ದುಂಡು ತಟ್ಟೆಯಂಥ ರೋಬೋ ಬಂದು ಮೂರು ವರ್ಷ ಆಯಿತು. ಬನಶಂಕರಿಯ ಹಳೇ ಮನೆ. ಅರ್ಧ ರೆಡ್ ಆಕ್ಸೈಡ್ ನೆಲ, ಅರ್ಧ ಆಮೇಲೆ ಹಾಕಿಸಿದ ಟೈಲ್ಸ್, ಅಡುಗೆಮನೆಗೆ ಎತ್ತರದ ಹೊಸ್ತಿಲು. ಅವತ್ತಿನಿಂದ ನೆಂಟರ ಮದುವೆಗೆ ಹೋದರೂ, ಪಾರ್ಕಿಗೆ ವಾಕಿಂಗ್ ಹೋದರೂ ಅವೇ ಪ್ರಶ್ನೆಗಳು. ಯಾವುದೋ ವಿಡಿಯೋದಲ್ಲಿ ಪಾತ್ರೆ ಎತ್ತಿಡುವ ರೋಬೋ ನೋಡಿ ಬಂದವರದ್ದು ಇನ್ನೂ ಜಾಸ್ತಿ. ಹೇಳಿ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ರೋಬೋ ಅಂದ್ರೆ ಕೈಕಾಲು ಇರಬೇಕಲ್ವಾ? ಈ ತಟ್ಟೆಗೂ ರೋಬೋ ಅಂತಾರಾ?

ಅಂತಾರೆ. ಸುತ್ತ ಏನಿದೆ ಎಂದು ತಾನೇ ನೋಡಿ, ಎತ್ತ ಹೋಗಬೇಕೆಂದು ತಾನೇ ತೀರ್ಮಾನಿಸಿ, ಕೆಲಸ ಮಾಡುವ ಯಂತ್ರ ರೋಬೋ. ಆಕಾರ ಮುಖ್ಯವಲ್ಲ. ಈ ಪದ ಬಂದದ್ದು ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ. ಚೆಕ್ ಭಾಷೆಯ 'ರೊಬೊಟಾ' ಅಂದರೆ ನಮ್ಮ ಕಡೆಯ ಬಿಟ್ಟಿ ಚಾಕರಿ. ಆ ಲೆಕ್ಕದಲ್ಲಿ ಸೋಫಾ ಕೆಳಗೆ ಧೂಳು ತಿನ್ನುವ ಈ ತಟ್ಟೆಗೆ ಹೆಸರು ಸರಿಯಾಗಿಯೇ ಒಪ್ಪುತ್ತದೆ.

ಇದು ತೀರಾ ಹೊಸದೂ ಅಲ್ಲ. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ 2001ರಲ್ಲೇ ಟ್ರೈಲೋಬೈಟ್ ಎಂಬ ಮಾಡೆಲ್ ಮಾರಿತ್ತು. ಮರುವರ್ಷ ಅಮೆರಿಕದ ಐರೋಬೋಟ್ ಕಂಪನಿಯ ರೂಂಬಾ ಬಂತು. ಜನ ನಿಜವಾಗಿ ಕೊಳ್ಳಲು ಶುರು ಮಾಡಿದ್ದು ಆಗ.

ನಮ್ಮ ಮನೆ ಹೊಸ್ತಿಲು ದಾಟುತ್ತಾ?

ಮೊದಲು ಕೇಳಬೇಕಾದ ಪ್ರಶ್ನೆ ಇದು. ಜನ ಮಾತ್ರ ಇದನ್ನು ಕೊನೆಗೆ, ದುಡ್ಡು ಕೊಟ್ಟ ಮೇಲೆ ಕೇಳುತ್ತಾರೆ. ಸಾಮಾನ್ಯ ರೋಬೋ ಹತ್ತುವುದು ಹೆಚ್ಚೆಂದರೆ 2 ಸೆಂಟಿಮೀಟರ್. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಬಾತ್‌ರೂಮ್ ಬಾಗಿಲು ಬಿಟ್ಟರೆ ಎಲ್ಲೂ ಅಡ್ಡಿ ಇರುವುದಿಲ್ಲ. ಹಳೇ ಬೆಂಗಳೂರಿನ ಮನೆಗಳ ಕಥೆಯೇ ಬೇರೆ. ಅಲ್ಲಿ ಹೊಸ್ತಿಲು ಅಂದರೆ ಹೊಸ್ತಿಲು, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವಂಥದ್ದು. ರೋಬೋ ಅದರ ಮುಂದೆ ಬಂದು ಎರಡು ಸಲ ಮೂತಿ ತಾಗಿಸಿ, ಗೋಡೆ ಎಂದು ಬರೆದುಕೊಂಡು ವಾಪಸ್ ಹೋಗುತ್ತದೆ.

ಇತ್ತೀಚೆಗೆ ಇದಕ್ಕೇ ಕಂಪನಿಗಳ ನಡುವೆ ಪೈಪೋಟಿ. ಡ್ರೀಮಿ ಎಂಬ ಚೀನೀ ಕಂಪನಿ 2025ರಲ್ಲಿ ಪುಟ್ಟ ಕಾಲು ಚಾಚಿ ಮೇಲೇಳುವ ಮಾಡೆಲ್ ತಂದಿತು. ಎರಡು ಹಂತದ ಹೊಸ್ತಿಲಾದರೆ ಒಟ್ಟು 6 ಸೆಂಟಿಮೀಟರ್ ಹತ್ತುತ್ತದೆ ಎನ್ನುತ್ತದೆ ಕಂಪನಿ. 2026ರ ಜನವರಿಯಲ್ಲಿ ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ರೋಬೊರಾಕ್ ಕಂಪನಿ ಚಕ್ರ-ಕಾಲು ಎರಡೂ ಇರುವ, ಮೆಟ್ಟಿಲನ್ನೇ ಹತ್ತುವ ಮಾದರಿ ತೋರಿಸಿತು. ಮೇಳದಲ್ಲಿ ತೋರಿಸಿದ್ದೆಲ್ಲ ಅಂಗಡಿಗೆ ಬರುವುದಿಲ್ಲ, ಇದು ನೆನಪಿರಲಿ.

ನಾನು ಏನು ಮಾಡುತ್ತೇನೆ ಅಂತೀರಾ? ಬಗ್ಗಿ ಎತ್ತಿ ಅಡುಗೆಮನೆಗೆ ಇಡುತ್ತೇನೆ. ಅಮ್ಮ ನೋಡಿ ನಗುತ್ತಾರೆ. "ಮಗೂನ ಎತ್ತಿಕೊಂಡ ಹಾಗೆ ಎತ್ಕೋತೀಯಲ್ಲ, ಅದರ ಬದಲು ನೀನೇ ಗುಡಿಸಬಾರದಾ?" ಇದಕ್ಕೆ ನನ್ನ ಬಳಿ ಉತ್ತರ ಇಲ್ಲ.

ಕತ್ತಲಲ್ಲೂ ಓಡಾಡುತ್ತಲ್ಲ, ದಾರಿ ಹೇಗೆ ಗೊತ್ತಾಗುತ್ತೆ?

ಮೇಲೆ ಡಬ್ಬಿ ಮುಚ್ಚಳದಂಥ ಉಬ್ಬು ಇದ್ದರೆ ಅದರೊಳಗೆ ಲೈಡಾರ್ ಇರುತ್ತದೆ. ಲೇಸರ್ ಕಿರಣ ಸುತ್ತುತ್ತಾ ಗೋಡೆಗೆ, ಕುರ್ಚಿ ಕಾಲಿಗೆ ತಾಗಿ ವಾಪಸ್ ಬರುತ್ತದೆ. ಅದರಿಂದ ಯಾವುದು ಎಷ್ಟು ದೂರ ಎಂಬ ಲೆಕ್ಕ ಸಿಗುತ್ತದೆ. ರೋಬೋ ಮನೆಯ ನಕ್ಷೆ ಬರೆಯುತ್ತಲೇ, ಆ ನಕ್ಷೆಯಲ್ಲಿ ತಾನು ಎಲ್ಲಿದ್ದೇನೆ ಎಂದೂ ಹುಡುಕಿಕೊಳ್ಳುತ್ತದೆ. ಬೆಳಕು ಬೇಕಿಲ್ಲ. ಕ್ಯಾಮೆರಾ ನಂಬಿಕೊಂಡ ಮಾಡೆಲ್‌ಗಳಿಗೆ ಮಾತ್ರ ಬೆಳಕು ಬೇಕು. ಹಾಗಾಗಿ ಕೆಲವಕ್ಕೆ ಮುಂದೆ ಪುಟ್ಟ ದೀಪವೂ ಇರುತ್ತದೆ.

ಮೋಸ ಹೋಗುವ ಜಾಗಗಳೂ ಇವೆ. ಕನ್ನಡಿ ಇರುವ ಬೀರು ನೆಲದವರೆಗೆ ಇದ್ದರೆ ಲೇಸರ್ ಅದರಲ್ಲಿ ಪ್ರತಿಫಲಿಸಿ, ರೋಬೋಗೆ ಆಚೆ ಇನ್ನೊಂದು ಕೋಣೆ ಇದ್ದ ಹಾಗೆ ಕಾಣುತ್ತದೆ. ನಮ್ಮ ನಕ್ಷೆಯಲ್ಲಿ ಇಲ್ಲದ ಬೆಡ್‌ರೂಮ್ ಒಂದು ಮೂಡಿತ್ತು. ಬೆಂಗಳೂರಿನ ರೇಟಿನಲ್ಲಿ ಪುಕ್ಕಟೆ ಬೆಡ್‌ರೂಮ್ ಅಂದರೆ ಸಣ್ಣ ಮಾತಲ್ಲ! ಆ್ಯಪ್‌ನಲ್ಲಿ ಆ ಜಾಗಕ್ಕೆ ಗೆರೆ ಎಳೆದು 'ಹೋಗಬೇಡ' ಎಂದು ಗುರುತು ಹಾಕಿದರೆ ಸರಿಹೋಗುತ್ತದೆ.

ಇನ್ನೊಂದು ಕಪ್ಪು ಗ್ರಾನೈಟ್. ಮೆಟ್ಟಿಲಿಂದ ಬೀಳದಿರಲಿ ಎಂದು ರೋಬೋದ ಹೊಟ್ಟೆ ಕೆಳಗೆ ಇನ್‌ಫ್ರಾರೆಡ್ ಸೆನ್ಸರ್‌ಗಳಿರುತ್ತವೆ. ಬೆಳಕು ನೆಲಕ್ಕೆ ತಾಗಿ ವಾಪಸ್ ಬಂದರೆ ನೆಲ ಇದೆ, ಬರದಿದ್ದರೆ ಗುಂಡಿ. ಕಪ್ಪು ಬಣ್ಣ ಆ ಬೆಳಕನ್ನು ನುಂಗಿಬಿಡುತ್ತದೆ. ಹಾಲ್ ಸುತ್ತ ಕಪ್ಪು ಪಟ್ಟಿ ಹಾಕಿಸುವುದು ನಮ್ಮಲ್ಲಿ ಒಂದು ಕಾಲದ ಫ್ಯಾಷನ್ ಅಲ್ವಾ? ಆ ಪಟ್ಟಿಯ ಮುಂದೆ ಕೆಲವು ರೋಬೋಗಳು ಬಾವಿಕಟ್ಟೆ ಮೇಲೆ ನಿಂತ ಹಾಗೆ ಹೆದರಿ ನಿಲ್ಲುತ್ತವೆ. ಎಲ್ಲ ಮಾಡೆಲ್‌ಗೂ ಹೀಗಾಗುವುದಿಲ್ಲ. ಆದರೂ ಮನೆಯಲ್ಲಿ ಕಪ್ಪು ಕಲ್ಲು ಇದ್ದರೆ ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ.

20,000 ಪಾಸ್ಕಲ್ ಒಳ್ಳೆಯದಾ, 5,000 ಸಾಕಾ?

ಟೈಲ್ಸ್ ನೆಲಕ್ಕೆ 5,000 ಧಾರಾಳ ಆಯಿತು. ಪಾಸ್ಕಲ್ ಎಂಬುದು ಎಳೆಯುವ ಒತ್ತಡದ ಅಳತೆ ಮಾತ್ರ. ಎಷ್ಟು ಗಾಳಿ ಹರಿಯುತ್ತದೆ, ಬ್ರಷ್ ನೆಲಕ್ಕೆ ಹೇಗೆ ಕೂರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ದಪ್ಪ ಕಾರ್ಪೆಟ್ ಇರುವ ದೇಶಗಳಿಗೆ ಆ ಸಂಖ್ಯೆ ಬೇಕು. ನಮ್ಮ ಮನೆಗಳಲ್ಲಿ ಇರುವುದು ಬಾಗಿಲ ಬಳಿ ಒಂದು ಮ್ಯಾಟು.

ಒರೆಸುವುದೂ ಮಾಡುತ್ತಾ? ಫಿನಾಯಿಲ್ ಹಾಕಬಹುದಾ?

ಒರೆಸುತ್ತದೆ, ಒದ್ದೆ ಬಟ್ಟೆ ಎಳೆದ ಮಟ್ಟಿಗೆ. ಒಗ್ಗರಣೆ ಸಿಡಿದ ಎಣ್ಣೆ ಜಿಡ್ಡು ಹೋಗುವುದಿಲ್ಲ. ಫಿನಾಯಿಲ್ ಬೇಡ. ಟ್ಯಾಂಕಿನ ಪೈಪು, ರಬ್ಬರು ಹಾಳಾಗುತ್ತವೆ, ವಾರಂಟಿಯೂ ಹೋಗಬಹುದು. ಅದಕ್ಕಿಂತ ದೊಡ್ಡ ವೈರಿ ಬೋರ್‌ವೆಲ್ ನೀರು. ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಸ್ಟೀಲ್ ಬಕೆಟ್ಟಿನ ಮೇಲೆ ಬಿಳೀ ಪದರ ಕಟ್ಟುತ್ತದಲ್ಲ, ಅದೇ ಈ ಸಣ್ಣ ತೂತುಗಳಲ್ಲಿ ಕಟ್ಟಿದರೆ ನೀರೇ ಬರುವುದಿಲ್ಲ. ನನ್ನ ಮೊದಲ ಟ್ಯಾಂಕು ಹೀಗೇ ಆರು ತಿಂಗಳಿಗೆ ಮುಚ್ಚಿಕೊಂಡಿತು. ಈಗ ಕಾವೇರಿ ನೀರು ಬಂದ ದಿನ ಎರಡು ಬಾಟಲಿ ಹಿಡಿದಿಟ್ಟುಕೊಳ್ಳುತ್ತೇನೆ. ಆರ್‌ಓ ನೀರಾದರೂ ನಡೆಯುತ್ತದೆ.

ಕರೆಂಟ್ ಬಿಲ್ ಏರುತ್ತಾ?

ಇಲ್ಲ. 14.4 ವೋಲ್ಟ್, 5200 ಎಂಎಎಚ್ ಬ್ಯಾಟರಿ ಅಂದರೆ ಸುಮಾರು 75 ವಾಟ್-ಅವರ್. ದಿನಾ ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿಸಿದರೂ ತಿಂಗಳಿಗೆ ಮೂರು ಯೂನಿಟ್ ಆಗಬಹುದು. ಒರೆಸುವ ಬಟ್ಟೆಯನ್ನು ಬಿಸಿಗಾಳಿಯಲ್ಲಿ ಒಣಗಿಸುವ ದೊಡ್ಡ ಡಾಕ್ (ರೋಬೋ ಚಾರ್ಜಿಗೆ ನಿಲ್ಲುವ ಗೂಡು) ಇದ್ದರೆ ಇನ್ನಷ್ಟು ಸೇರಿಸಿಕೊಳ್ಳಿ. ಕರೆಂಟ್ ಹೋದಾಗ ರೂಟರ್ ಕೂಡ ಹೋಗುವುದರಿಂದ ಫೋನಿನಿಂದ ಹೇಳಿದ ಮಾತು ಕೇಳುವುದಿಲ್ಲ. ರೋಬೋ ಮೇಲಿನ ಗುಂಡಿ ಒತ್ತಿದರೆ ಕೇಳುತ್ತದೆ. ಅಂದಹಾಗೆ, ಬಹಳಷ್ಟು ರೋಬೋಗಳು 2.4 ಗಿಗಾಹರ್ಟ್ಸ್ ವೈ-ಫೈಗೆ ಮಾತ್ರ ಸೇರುತ್ತವೆ. "ಕನೆಕ್ಟೇ ಆಗ್ತಿಲ್ಲ" ಎಂದು ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕೆ, ರೂಟರ್‌ನ 2.4 ವೈ-ಫೈಗೆ ಸೇರಿಸಿ ಅನ್ನುವುದೇ ಮದ್ದು.

ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು. ರೋಬೋ ಬಿಡಬಹುದಾ?

ನಮ್ಮ ಮನೆಯಲ್ಲಿ ಇದು ದೊಡ್ಡ ಚರ್ಚೆಯಾಗಿತ್ತು. ಸಂಜೆ ಗುಡಿಸಿದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂಬ ನಂಬಿಕೆ. ರೋಬೋ ಕಸವನ್ನು ಹೊರಗೆ ಹಾಕುವುದೇ ಇಲ್ಲ, ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ, ಹಾಗಾಗಿ ದೋಷ ಇಲ್ಲ ಎಂದು ನಾನು ವಾದ ಮಾಡಿದೆ. ಅಮ್ಮ ಒಪ್ಪಲಿಲ್ಲ. ಬೆಳಿಗ್ಗೆ ಹತ್ತೂವರೆಗೆ ಟೈಮರ್ ಇಟ್ಟಿದ್ದೇನೆ. ಬಾಗಿಲು ಹಾಕಿರಲಿ, ಇಲ್ಲವಾದರೆ ರಂಗೋಲಿಯೂ ಹೊಟ್ಟೆಗೆ ಹೋಗುತ್ತದೆ.

ಕ್ಯಾಮೆರಾ ಇರುವ ರೋಬೋ ಮನೆಯೊಳಗೆ ಬಿಡೋದು ಸೇಫಾ?

ನಾನು ಬಿಟ್ಟಿಲ್ಲ. ಕಾರಣ ಹೇಳುತ್ತೇನೆ.

2022ರ ಡಿಸೆಂಬರಿನಲ್ಲಿ ಅಮೆರಿಕದ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ಒಂದು ಸುದ್ದಿ ಬಯಲು ಮಾಡಿತು. ರೂಂಬಾದ ಪ್ರಯೋಗದ ಮಾದರಿಗಳು ಮನೆಗಳಲ್ಲಿ ತೆಗೆದ ಚಿತ್ರಗಳು ಫೇಸ್‌ಬುಕ್ ಗುಂಪುಗಳಲ್ಲಿ ಓಡಾಡಿದ್ದವು. ಅದರಲ್ಲಿ ಟಾಯ್ಲೆಟ್‌ನಲ್ಲಿ ಕೂತ ಹೆಂಗಸಿನ ಚಿತ್ರವೂ ಇತ್ತು. ಯಾರೂ ಹ್ಯಾಕ್ ಮಾಡಿರಲಿಲ್ಲ. 'ಇದು ಕುರ್ಚಿ, ಇದು ವೈರು' ಎಂದು ಯಂತ್ರಕ್ಕೆ ಕಲಿಸಲು ಚಿತ್ರಗಳಿಗೆ ಹೆಸರು ಹಚ್ಚುವ ಕೆಲಸವನ್ನು ವೆನೆಜುವೆಲಾದ ಗುತ್ತಿಗೆ ಕೆಲಸಗಾರರಿಗೆ ಕೊಡಲಾಗಿತ್ತು. ಚಿತ್ರ ಹೊರಬಿದ್ದದ್ದು ಅಲ್ಲಿಂದ. ಅವು ಅಂಗಡಿಯಲ್ಲಿ ಮಾರಿದ ರೋಬೋಗಳಲ್ಲ, ಪ್ರಯೋಗಕ್ಕೆ ಒಪ್ಪಿದವರ ಮನೆಯವು ಎಂದಿತು ಕಂಪನಿ. ಅದು ನಿಜವೇ. ಆದರೆ ಒಪ್ಪಿಕೊಂಡ ಯಾರೂ ತಮ್ಮ ಬಾತ್‌ರೂಮ್ ಇನ್ನೊಂದು ದೇಶದ ಫೇಸ್‌ಬುಕ್ ಗುಂಪಿಗೆ ಹೋಗುತ್ತದೆ ಎಂದು ಕನಸಲ್ಲೂ ಎಣಿಸಿರಲಾರರು.

ಎರಡನೆಯದು 2024ರ ಮೇ ತಿಂಗಳದ್ದು. ಅಮೆರಿಕದ ಕೆಲವು ಊರುಗಳಲ್ಲಿ ಇಕೊವ್ಯಾಕ್ಸ್ ಕಂಪನಿಯ ಎಕ್ಸ್2 ರೋಬೋಗಳು ಇದ್ದಕ್ಕಿದ್ದ ಹಾಗೆ ಸ್ಪೀಕರ್‌ನಲ್ಲಿ ಕೊಳಕು ಬೈಗುಳ ಕೂಗತೊಡಗಿದವು. ಒಂದು ಮನೆಯಲ್ಲಿ ನಾಯಿಯನ್ನು ಅಟ್ಟಿಸಿಕೊಂಡು ಹೋಯಿತು. ಬೇರೆಲ್ಲೋ ಸೋರಿದ ಪಾಸ್‌ವರ್ಡನ್ನೇ ಗ್ರಾಹಕರು ಇಲ್ಲೂ ಇಟ್ಟಿದ್ದರಿಂದ ಹ್ಯಾಕರ್‌ಗಳು ಒಳಗೆ ಬಂದರು ಎಂದಿತು ಕಂಪನಿ. ಅದೇ ವರ್ಷ ಭದ್ರತಾ ಸಂಶೋಧಕರು, ಆ ಕಂಪನಿಯ ರೋಬೋಗಳನ್ನು ಬ್ಲೂಟೂತ್ ಮೂಲಕವೇ ವಶಮಾಡಿಕೊಳ್ಳಬಹುದು ಎಂದೂ ತೋರಿಸಿದರು.

ಗುಡಿಸುವುದಕ್ಕೆ ಲೇಸರ್ ಸಾಕು. ಕ್ಯಾಮೆರಾ ಬೇಕಾಗುವುದು ನೆಲದ ಮೇಲಿನ ವೈರು, ಚಪ್ಪಲಿ, ನಾಯಿ ಮಾಡಿದ ಗಲೀಜು ಗುರುತು ಹಿಡಿಯಲು. ಆ ಕೊನೆಯದು ನಗುವ ಮಾತಲ್ಲ. ಗಲೀಜಿನ ಮೇಲೆ ಹೋದ ರೋಬೋ ಅದನ್ನು ಮನೆಯಿಡೀ ಸಾರಿಸುತ್ತದೆ. 2021ರಲ್ಲಿ ಐರೋಬೋಟ್, ನಮ್ಮ ಹೊಸ ಮಾಡೆಲ್ ಅದನ್ನು ತಪ್ಪಿಸದಿದ್ದರೆ ಬೇರೆ ರೋಬೋ ಕೊಡುತ್ತೇವೆ ಎಂದು ಮಾತೇ ಕೊಟ್ಟಿತ್ತು. ಮನೆಯಲ್ಲಿ ನಾಯಿ ಇದ್ದರೆ ನಿಮ್ಮ ಲೆಕ್ಕ ಬೇರೆ ಇರಬಹುದು. ಕ್ಯಾಮೆರಾ ಇರುವುದನ್ನೇ ಕೊಂಡರೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ, ಬಾತ್‌ರೂಮ್ ಬಾಗಿಲು ಹಾಕಿರಿ. ನಮ್ಮ ದೇಶದ ಡಿಜಿಟಲ್ ಖಾಸಗಿ ಮಾಹಿತಿ ಕಾಯ್ದೆ 2023ರದ್ದು, ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಜನರ ಮಾಹಿತಿ ಕಾಪಾಡುವ ಮುಖ್ಯ ಹೊಣೆಗಳು ಕಂಪನಿಗಳ ಮೇಲೆ ಬೀಳಲು ಅಲ್ಲಿಂದ ಮುಂದೆ 18 ತಿಂಗಳ ವಾಯಿದೆ ಕೊಟ್ಟಿದ್ದರು.

ಕಂಪನಿಯೇ ಮುಚ್ಚಿಹೋದರೆ ರೋಬೋ ಗತಿ ಏನು?

ಮಿಕ್ಸಿ ಕಂಪನಿ ಮುಚ್ಚಿದರೆ ಮಿಕ್ಸಿ ತಿರುಗುವುದು ನಿಲ್ಲಿಸುವುದಿಲ್ಲ. ರೋಬೋ ವಿಷಯದಲ್ಲಿ ಹಾಗೆ ಹೇಳಲಾಗದು. ಅದರ ಬುದ್ಧಿಯಲ್ಲಿ ಒಂದು ಭಾಗ ಎಲ್ಲೋ ದೂರದ ಸರ್ವರ್‌ನಲ್ಲಿ ಇರುತ್ತದೆ.

ಮಕ್ಕಳ ಜೊತೆ ಮಾತಾಡಲೆಂದೇ ಮಾಡಿದ ಮೋಕ್ಸಿ ಎಂಬ ರೋಬೋ ಇತ್ತು, ಬೆಲೆ 799 ಡಾಲರ್. 2024ರ ಡಿಸೆಂಬರಿನಲ್ಲಿ ಕಂಪನಿ ದುಡ್ಡಿಲ್ಲದೆ ಬಾಗಿಲು ಹಾಕುತ್ತೇವೆ ಎಂದಿತು. ದಿನಾ ಮಾತಾಡುತ್ತಿದ್ದ ಗೆಳೆಯ ಇನ್ನು ಮಾತಾಡುವುದಿಲ್ಲ ಎಂದು ಪುಟ್ಟ ಮಕ್ಕಳಿಗೆ ತಿಳಿಸುವ ಕಷ್ಟ ಅಪ್ಪ-ಅಮ್ಮಂದಿರ ಪಾಲಿಗೆ ಬಂತು. 2019ರಲ್ಲಿ ಜಿಬೋ ಎಂಬ ಇನ್ನೊಂದು ರೋಬೋ, ತನ್ನ ಸರ್ವರ್ ನಿಲ್ಲುವ ಮುನ್ನ ತಾನೇ ಬೀಳ್ಕೊಡುಗೆಯ ಮಾತು ಹೇಳಿತ್ತು. ಗುಡಿಸುವ ರೋಬೋಗಳಲ್ಲಿ ನೀಟೋ ಕಂಪನಿ 2023ರಲ್ಲಿ ಮುಚ್ಚಿತು. ಸರ್ವರ್ ಐದು ವರ್ಷ ಇರುತ್ತದೆ ಎಂದಿದ್ದರು. 2025ರಲ್ಲೇ ಆರಿಸಿಬಿಟ್ಟರು.

ದೊಡ್ಡ ಸುದ್ದಿ ರೂಂಬಾದ್ದೇ. 2022ರಲ್ಲಿ ಅದರ ಕಂಪನಿ ಐರೋಬೋಟನ್ನು ಅಮೆಜಾನ್ ಸುಮಾರು 170 ಕೋಟಿ ಡಾಲರಿಗೆ ಕೊಳ್ಳಲು ಹೊರಟಿತ್ತು. ಯುರೋಪಿನ ಅಧಿಕಾರಿಗಳ ತಕರಾರಿನಿಂದ 2024ರ ಜನವರಿಯಲ್ಲಿ ಅದು ಮುರಿದುಬಿತ್ತು. 2025ರ ಡಿಸೆಂಬರಿನಲ್ಲಿ ಐರೋಬೋಟ್ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ರೋಬೋ ತಯಾರಿಸಿಕೊಡುತ್ತಿದ್ದ ಚೀನಾದ ಪಿಸಿಯಾ ಕಂಪನಿಯ ಕೈಗೇ ಹೋಗುವುದೆಂದು ತೀರ್ಮಾನವಾಯಿತು. ಆ್ಯಪ್ ನಿಲ್ಲುವುದಿಲ್ಲ ಎಂದು ಗ್ರಾಹಕರಿಗೆ ಹೇಳಿದ್ದಾರೆ.

ಕೊಳ್ಳುವ ಮುನ್ನ ಅಂಗಡಿಯವರಿಗೆ ಒಂದು ಮಾತು ಕೇಳಿ: "ವೈ-ಫೈ ಆರಿಸಿ ಗುಂಡಿ ಒತ್ತಿದರೆ ಗುಡಿಸುತ್ತಾ?" ಅಲ್ಲೇ ಮಾಡಿ ತೋರಿಸಲಿ.

ಜಪಾನಿನವರು ಈ ಸಾವನ್ನು ಬೇರೆ ಥರ ತೆಗೆದುಕೊಂಡರು. ಸೋನಿ 1999ರಲ್ಲಿ ಐಬೋ ಎಂಬ ರೋಬೋ ನಾಯಿ ತಂದಿತ್ತು. 2014ರಲ್ಲಿ ಹಳೇ ಐಬೋಗಳ ರಿಪೇರಿ ನಿಲ್ಲಿಸಿತು. ಚಿಬಾ ಪ್ರಾಂತ್ಯದ ಕೊಫುಕುಜಿ ಎಂಬ ಬೌದ್ಧ ದೇವಾಲಯದಲ್ಲಿ ಸತ್ತ ಐಬೋಗಳನ್ನು ಸಾಲಾಗಿ ಕೂರಿಸಿ, ಧೂಪ ಹಾಕಿ, ಮಂತ್ರ ಹೇಳಿ ಕರ್ಮ ಮಾಡಿದರು. ಆಮೇಲೆ ಅವುಗಳ ಬಿಡಿಭಾಗ ತೆಗೆದು ಬೇರೆ ಐಬೋಗಳಿಗೆ ಹಾಕಿದರು.

ಮನುಷ್ಯರ ಥರ ಇರೋ ರೋಬೋ ಯಾವಾಗ ಬರುತ್ತೆ? ಪಾತ್ರೆ ತೊಳೆಯುತ್ತಂತೆ?

ಒನ್‌ಎಕ್ಸ್ ಕಂಪನಿಯ ನಿಯೋ ನೋಡಿ ಕೇಳುತ್ತಿದ್ದೀರಿ, ಗೊತ್ತು. 2025ರ ಅಕ್ಟೋಬರಿನಲ್ಲಿ ಬುಕಿಂಗ್ ತೆರೆದರು. ಆಗ ಬೆಲೆ 20,000 ಡಾಲರ್, ನಮ್ಮ ಲೆಕ್ಕದಲ್ಲಿ ಹದಿನೇಳು-ಹದಿನೆಂಟು ಲಕ್ಷ. ತೂಕ ಸುಮಾರು 30 ಕಿಲೋ, ಮೈಗೆ ಸ್ವೆಟರ್ ಥರದ ಬಟ್ಟೆ. ಆಗ ಅದನ್ನು ಪರೀಕ್ಷಿಸಿದ ಅಮೆರಿಕದ ಪತ್ರಕರ್ತೆಯೊಬ್ಬರ ಮುಂದೆ ಮೂರು ಸಾಮಾನು ಡಿಶ್‌ವಾಷರ್‌ಗೆ ಹಾಕಲು ಐದು ನಿಮಿಷ ತೆಗೆದುಕೊಂಡಿತು. ಅದೂ ತಾನಾಗಿ ಅಲ್ಲ. ಇನ್ನೊಂದು ಕೋಣೆಯಲ್ಲಿ ಒಬ್ಬ ಮನುಷ್ಯ ಕಣ್ಣಿಗೆ ವಿಆರ್ ಕನ್ನಡಕ ಹಾಕಿಕೊಂಡು ಅದನ್ನು ಆಡಿಸುತ್ತಿದ್ದ. ಯಕ್ಷಗಾನದ ಗೊಂಬೆಯಾಟದಲ್ಲಿ ದಾರ ಹಿಡಿದವರು ಪರದೆ ಹಿಂದೆ ಇರುವುದಿಲ್ಲವೇ, ಹಾಗೆ. ಬಾರದ ಕೆಲಸ ಬಂದಾಗ ನಿಮ್ಮ ಒಪ್ಪಿಗೆಯ ಮೇಲೆ ಕಂಪನಿಯವರು ಹೀಗೆ ಒಳಗೆ ಬಂದು ಮಾಡಿಕೊಡುತ್ತಾರೆ, ರೋಬೋ ಅದನ್ನು ನೋಡಿ ಕಲಿಯುತ್ತದೆ, ಇದು ಅವರೇ ಹೇಳುವ ಯೋಜನೆ.

ಕಲಿಕೆಯ ಇನ್ನೊಂದು ದಾರಿ ನಮ್ಮ ಪಕ್ಕದಲ್ಲೇ ಇದೆ. ತಮಿಳುನಾಡಿನ ಕರೂರು ಟವೆಲ್, ಬೆಡ್‌ಶೀಟಿಗೆ ಹೆಸರಾದ ಊರು. ಅಲ್ಲಿ ಹುಡುಗರು ತಲೆಗೆ ಕ್ಯಾಮೆರಾ ಕಟ್ಟಿಕೊಂಡು, ಒಂದೇ ಟವೆಲನ್ನು ಮತ್ತೆ ಮತ್ತೆ ಮಡಿಸುವ ಕೆಲಸ ಮಾಡುತ್ತಾರೆ. ಕೈ ಹೇಗೆ ಚಾಚಿತು, ಬೆರಳು ಎಲ್ಲಿ ಹಿಡಿಯಿತು ಎಂಬುದೆಲ್ಲ ರೋಬೋಗಳಿಗೆ ಪಾಠ. ಮೊದಲ ಸಲ ಓದಿದಾಗ ನನಗೆ ಆ ವೆನೆಜುವೆಲಾದವರು ನೆನಪಾದರು. ಯಂತ್ರದ ಜಾಣತನ ಎಂದು ಯಾರಾದರೂ ಹೊಗಳಿದಾಗಲೆಲ್ಲ, ಅದಕ್ಕೆ ಎಷ್ಟು ಜನರ ಬೆರಳು ಸವೆದಿರಬಹುದು ಎಂದು ಯೋಚನೆ ಬರುತ್ತದೆ.

ಓಡುವುದು ಮಾತ್ರ ಚೆನ್ನಾಗಿ ಕಲಿತಿವೆ. 2025ರ ಏಪ್ರಿಲ್‌ನಲ್ಲಿ ಬೀಜಿಂಗ್‌ನ ಅರ್ಧ ಮ್ಯಾರಥಾನ್‌ನಲ್ಲಿ 21 ರೋಬೋಗಳು ಮನುಷ್ಯರ ಪಕ್ಕದ ಹಾದಿಯಲ್ಲಿ ಓಡಿದವು. ಗೆದ್ದ ತಿಯಾಂಗಾಂಗ್ ತೆಗೆದುಕೊಂಡದ್ದು 2 ಗಂಟೆ 40 ನಿಮಿಷ, ದಾರಿಯಲ್ಲಿ ಬ್ಯಾಟರಿ ಬದಲಿಸಿಕೊಂಡು. ನಮ್ಮ ಪಾತ್ರೆ ಸಿಂಕಿನಲ್ಲೇ ಇದೆ.

ಹಾಗಾದರೆ ಕೆಲಸದವರನ್ನು ಬಿಡಿಸಬಹುದಾ?

ಬೇಡ. ನಮ್ಮ ಮನೆಗೆ ಬರುವವರು ಇಪ್ಪತ್ತು ನಿಮಿಷದಲ್ಲಿ ಮಾಡುವುದನ್ನು ಇದು ಒಂದೂವರೆ ಗಂಟೆ ಮಾಡುತ್ತದೆ, ಮೂಲೆ ಬಿಟ್ಟು. ಕುರ್ಚಿ ಎತ್ತುವುದಿಲ್ಲ. ರೋಬೊರಾಕ್‌ನ ಒಂದು ಮಾಡೆಲ್‌ಗೆ 2025ರಲ್ಲಿ ಪುಟ್ಟ ಕೈ ಬಂತು. ಅದು ಎತ್ತುವುದು 300 ಗ್ರಾಂ, ಅಂದರೆ ಕಾಲುಚೀಲ, ಹಗುರ ಚಪ್ಪಲಿ. ನಮ್ಮಲ್ಲಿ ಈಗ ರೋಬೋ ದಿನದ ಧೂಳು ನೋಡಿಕೊಳ್ಳುತ್ತದೆ, ಅವರು ಬಗ್ಗಿ ಗುಡಿಸುವ ಹೊತ್ತು ಉಳಿಯಿತು. ಸಂಬಳ ಅಷ್ಟೇ ಇದೆ. ಮನೆಗೆಲಸದವರಿಗೆ ಕನಿಷ್ಠ ಕೂಲಿ ಎಂದು ಕರ್ನಾಟಕ 2004ರಲ್ಲೇ ಆದೇಶ ಮಾಡಿದೆ. ರೋಬೋಗೆ ಮೂವತ್ತು ಸಾವಿರ ಕೊಡುವವರು ಅದನ್ನೊಮ್ಮೆ ಓದಿದರೆ ಒಳ್ಳೆಯದು.

ಕನ್ನಡ ಬರುತ್ತಾ?

ಗುಡಿಸುವ ರೋಬೋಗಳಿಗೆ ಸಾಮಾನ್ಯವಾಗಿ ಬರುವುದಿಲ್ಲ. ನಮ್ಮದು ಕೂದಲು ಸಿಕ್ಕಿಕೊಂಡರೆ ಇಂಗ್ಲಿಷಿನಲ್ಲಿ ಗೋಳಿಡುತ್ತದೆ. ಬೆಂಗಳೂರಿನಲ್ಲಿ ಕನ್ನಡ ಮಾತಾಡುವ ರೋಬೋ ಇರಲೇ ಇಲ್ಲ ಅಂತೇನಲ್ಲ. 2018ರಲ್ಲಿ ಇಲ್ಲಿನ ಸಿರೇನಾ ಟೆಕ್ನಾಲಜೀಸ್ ವಿಮಾನ ನಿಲ್ದಾಣಕ್ಕೆಂದು 'ಕೆಂಪಾ' ಎಂಬ ರೋಬೋ ಮಾಡಿತ್ತು. ಕೆಂಪೇಗೌಡರ ಹೆಸರು, ಕನ್ನಡ ಇಂಗ್ಲಿಷ್ ಎರಡರಲ್ಲೂ ಉತ್ತರ. ಇಸ್ರೋ ಬಾಹ್ಯಾಕಾಶಕ್ಕೆ ಕಳಿಸಲೆಂದು ಮಾಡಿದ ಹೆಣ್ಣು ರೂಪದ ರೋಬೋ ವ್ಯೋಮಮಿತ್ರ 2020ರ ಜನವರಿಯಲ್ಲಿ ಮೊದಲು ಮುಖ ತೋರಿಸಿದ್ದು ಬೆಂಗಳೂರಿನಲ್ಲೇ. ಆದರೆ ಆಕೆಗೆ ಹೇಳಿಕೊಟ್ಟ ಭಾಷೆಗಳು ಹಿಂದಿ, ಇಂಗ್ಲಿಷ್. ಇಲ್ಲಿಗೆ ಬಂದವರೆಲ್ಲ ಕನ್ನಡ ಕಲೀಬೇಕು ಅಂತೀವಿ, ಆಕೆಯನ್ನು ಯಾರೂ ಕೇಳಲಿಲ್ಲ!

ಫೋನಿನ ಕಡೆ ಪರವಾಗಿಲ್ಲ. ಗೂಗಲ್‌ನ ಜೆಮಿನಿ 2024ರಿಂದ ಕನ್ನಡದಲ್ಲಿ ಮಾತಾಡುತ್ತದೆ. ನಮ್ಮ ಐಐಎಸ್‌ಸಿ ಮತ್ತು ಅಲ್ಲಿಯದೇ ಸಂಶೋಧನಾ ಸಂಸ್ಥೆ ಆರ್ಟ್‌ಪಾರ್ಕ್, ಗೂಗಲ್ ಜೊತೆ ಸೇರಿ 'ವಾಣಿ' ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಾತು ರೆಕಾರ್ಡ್ ಮಾಡಿಸುತ್ತಿವೆ. ಕಲಬುರಗಿಯ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ಎಷ್ಟು ದೂರ ಎಂದು ಯಂತ್ರಕ್ಕೆ ಗೊತ್ತಾಗಬೇಕಾದರೆ ಇಂಥದ್ದೇ ಬೇಕು.

ದೋಸೆ ಹಾಕೋ ರೋಬೋ ಇದೆಯಾ?

ಇದೆ. ಬೆಂಗಳೂರಿನ ಮುಕುಂದ ಫುಡ್ಸ್ ಹೋಟೆಲ್‌ಗಳಿಗೆ ದೋಸಾಮ್ಯಾಟಿಕ್ ಯಂತ್ರ ಮಾಡಿತು. 2022ರಲ್ಲಿ ಮನೆಗೆ ಬರುವ 'ದೋಸೆ ಪ್ರಿಂಟರ್' ಒಂದರ ವಿಡಿಯೋ ಭಾರೀ ಓಡಿತು. ಹಿಟ್ಟು ನೀವೇ ರುಬ್ಬಬೇಕು. ಹದ ತಪ್ಪಿದರೆ ಯಂತ್ರವೂ ಕೈಬಿಡುತ್ತದೆ. ನಾನು ಕಾವಲಿಯಲ್ಲೇ ಹಾಕುತ್ತೇನೆ.

ಕೆಟ್ಟರೆ ಎಲ್ಲಿ ರಿಪೇರಿ?

ಮೊದಲು ಬ್ರಷ್ ಬಿಚ್ಚಿ ನೋಡಿ. ಕೂದಲು ಎಲ್ಲ ದೇಶದಲ್ಲೂ ಸಿಕ್ಕುತ್ತದೆ. ನಮ್ಮಲ್ಲಿ ಮಲ್ಲಿಗೆ ಹೂವಿನ ದಾರ ಮತ್ತು ಬಾಳೆನಾರು ಜೊತೆಗೆ. ವರಮಹಾಲಕ್ಷ್ಮಿ ಹಬ್ಬದ ಮರುದಿನ ನಮ್ಮ ರೋಬೋ ಎರಡು ಮೊಳ ನುಂಗಿತ್ತು. ವಾರಕ್ಕೊಮ್ಮೆ ಕತ್ತರಿ ಹಾಕಿದರೆ ಅರ್ಧ ರಿಪೇರಿ ಉಳಿಯುತ್ತದೆ. ವಾರಂಟಿ ಇರುವಾಗ ಸರ್ವಿಸ್ ಸೆಂಟರಿಗೆ ಹೋಗಿ, ತಾಳ್ಮೆ ಕಟ್ಟಿಕೊಂಡು ಹೋಗಿ. ನನ್ನದು ಒಂದು ಕಡೆ ಐದು ವಾರ ಕೂತಿತ್ತು. ವಾಪಸ್ ಬಂದಾಗ ಚಾರ್ಜರ್ ಇರಲಿಲ್ಲ. ವಾರಂಟಿ ಮುಗಿದ ಮೇಲೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡ್ ಇದೆಯಲ್ಲ. ಹಳೇ ಬ್ಯಾಟರಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ವೋಲ್ಟೇಜು, ಕನೆಕ್ಟರ್ ಎರಡೂ ತಾಳೆ ನೋಡಿ ಕೊಳ್ಳಿ. ತೀರಾ ಅಗ್ಗದ್ದು ಬೇಡ, ಲಿಥಿಯಂ ಬ್ಯಾಟರಿ ಜೊತೆ ಆಟ ಆಡುವುದಲ್ಲ.

ಆಯುಧಪೂಜೆಗೆ ರೋಬೋಗೂ ಪೂಜೆ ಮಾಡಬೇಕಾ?

ಗಾಡಿ, ಮಿಕ್ಸಿ, ಲ್ಯಾಪ್‌ಟಾಪಿಗೆಲ್ಲ ಮಾಡುವಾಗ ಇದಕ್ಕೇನು ಪಾಪ? ನಾವೂ ಮಾಡುತ್ತೇವೆ. ಲೇಸರ್ ಉಬ್ಬಿಗೂ ಮುಂದಿನ ಕಪ್ಪು ಗಾಜಿಗೂ ಕುಂಕುಮ ಹಚ್ಚಬೇಡಿ, ಅದಕ್ಕೆ ಕಣ್ಣೇ ಅದು. ಹಿಂದಿನ ಮುಚ್ಚಳದ ಮೇಲೆ ಒಂದು ಬೊಟ್ಟು ಸಾಕು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ನೋಡಿದೆವು. ಅಡ್ಡಿ ಎಂದು ಬಳಸಿಕೊಂಡು ಹೋಯಿತು.

ಹಳೇದನ್ನು ಏನು ಮಾಡಲಿ?

ಕಸದ ಆಟೋಗೆ ಹಾಕಬೇಡಿ. ಲಾರಿಯಲ್ಲಿ ಕಸ ಒತ್ತುವಾಗ ಲಿಥಿಯಂ ಬ್ಯಾಟರಿ ಜಜ್ಜಿದರೆ ಬೆಂಕಿ ಹತ್ತುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಲ್ಲಿ ಹಳೇ ಯಂತ್ರದ ಹೊಣೆ ತಯಾರಕರ ಮೇಲೂ ಇದೆ, ಆದ್ದರಿಂದ ಮೊದಲು ಕಂಪನಿಯವರನ್ನೇ ಕೇಳಿ. ಇಲ್ಲವಾದರೆ ಅಧಿಕೃತ ಮರುಬಳಕೆದಾರರಿಗೆ ಕೊಡಿ. ದಾಬಸ್‌ಪೇಟೆಯ ಇ-ಪರಿಸರ ಎಂಬ ಕಂಪನಿ ದೇಶದಲ್ಲೇ ಈ ಕೆಲಸ ಮೊದಲು ಶುರು ಮಾಡಿದವರ ಪೈಕಿ ಒಂದು. ಕೊಡುವ ಮುನ್ನ ಆ್ಯಪ್‌ನಲ್ಲಿ ಮನೆಯ ನಕ್ಷೆ ಅಳಿಸಿ, ರೀಸೆಟ್ ಗುಂಡಿ ಒತ್ತಿ. ಧೂಳಿನ ಡಬ್ಬಿಯನ್ನೂ ಒಮ್ಮೆ ನೋಡಿ. ನಮ್ಮದರಲ್ಲಿ ಎರಡು ವರ್ಷದಿಂದ ಹುಡುಕುತ್ತಿದ್ದ ಅಮ್ಮನ ಮೂಗುತಿಯ ತಿರುಪು ಸಿಕ್ಕಿತು.